ಬಂತೆಯ್ ಛ್ಮಾರ್: ಊರವರ ಮನೆಯಲ್ಲಿ ವಾಸ, ಊರವರ ಜೊತೆಯಲ್ಲಿ ಗುಡಿ

ಅಂಕೋರ್ ವಾಟ್ ನೋಡಿ ಬಂದ ಕನ್ನಡಿಗರು ಈಗ ಬೇಕಾದಷ್ಟು ಜನರಿದ್ದಾರೆ. ಬಹುತೇಕರು ಸಿಯೆಮ್ ರೀಪ್‌ನಲ್ಲಿ ಇಳಿದು, ಅಂಕೋರ್ ವಾಟ್, ಬಯೋನ್, ತಾ ಪ್ರೋಮ್ ಮುಗಿಸಿ ಅಲ್ಲಿಂದಲೇ ವಿಮಾನ ಹತ್ತುತ್ತಾರೆ. ಅದೇ ಪ್ರವಾಸಕ್ಕೆ ಇನ್ನೆರಡು ರಾತ್ರಿ ಸೇರಿಸಿ, ಕಾಂಬೋಡಿಯಾದ ವಾಯವ್ಯ ಮೂಲೆಯ ಬಂತೆಯ್ ಛ್ಮಾರ್‌ಗೆ ಹೋಗಿ ಬನ್ನಿ ಎಂದು ಒತ್ತಾಯಿಸಲಿಕ್ಕೇ ಇದನ್ನು ಬರೆಯುತ್ತಿದ್ದೇನೆ. ಥಾಯ್ಲೆಂಡ್ ಗಡಿಗೆ ಹತ್ತಿರವಿರುವ ಹಳ್ಳಿ ಅದು. ಬಯೋನ್ ಗುಡಿ ಕಟ್ಟಿಸಿದ ದೊರೆ ಏಳನೆಯ ಜಯವರ್ಮನೇ ಹನ್ನೆರಡನೆಯ ಶತಮಾನದ ಕೊನೆಯ ಹೊತ್ತಿಗೆ ಅಲ್ಲೊಂದು ಭಾರಿ ಗುಡಿಯನ್ನು ಎತ್ತಿಸಿದ. ಅದರ ಬಹುಭಾಗ ಇಂದು ಉರುಳಿ ಬಿದ್ದಿದೆ. ಹಳ್ಳಿಯವರು ಒಂದು ಸಮಿತಿ ಕಟ್ಟಿಕೊಂಡು, ಬಂದವರಿಗೆ ತಮ್ಮ ಮನೆಗಳಲ್ಲಿ ವಸತಿ, ಊಟ ಮತ್ತು ಗುಡಿ ತೋರಿಸುವವರನ್ನು ಒದಗಿಸುತ್ತಾರೆ. ಈ ಏರ್ಪಾಡು 2007ರಿಂದ ನಡೆದುಕೊಂಡು ಬಂದಿದೆ. ನಾನು ಇಲ್ಲಿ ತೂಗಿ ನೋಡುತ್ತಿರುವುದು ಆ ಸಮಿತಿಯ ಸೇವೆಯನ್ನು. ಆದರೆ ಗುಡಿಯನ್ನು ಬಿಟ್ಟು ಸೇವೆಯನ್ನಷ್ಟೇ ತೂಗಲು ಬರುವುದಿಲ್ಲ. ಅಡುಗೆ ಮಾಡಿ ಬಡಿಸುವ ಮನೆಗಳವರೇ ಆ ಕಲ್ಲುಗಳನ್ನು ಕಾಯುತ್ತಿರುವವರು.

ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಹಾಸಿಗೆ ಸಾಧಾರಣ, ಸ್ನಾನದ ಮನೆ ಸಾಧಾರಣ, ಊಟ ಚೆನ್ನಾಗಿದೆ, ಮಾರ್ಗದರ್ಶನ ಅತ್ಯುತ್ತಮ. ಪುರಾತನ ಕಟ್ಟಡವೊಂದನ್ನು ಇಷ್ಟು ಅಕ್ಕರೆಯಿಂದ, ಇಷ್ಟು ತಿಳಿದು ತೋರಿಸಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಈ ಮಾತನ್ನು ಹಗುರವಾಗಿ ಹೇಳುತ್ತಿಲ್ಲ. ದೇವಾಲಯಗಳ ಅಳತೆ ನಕ್ಷೆ ಬರೆಯುವುದು ನನ್ನ ವೃತ್ತಿಯಾಗಿತ್ತು. ಹಾಸನ ಜಿಲ್ಲೆಯ ಹೊಯ್ಸಳ ಗುಡಿಗಳ ಜಗತಿ, ಭಿತ್ತಿ, ಕಕ್ಷಾಸನಗಳ ಮೇಲೆ ಟೇಪು ಎಳೆದು, ತೂಗುಗುಂಡು ಬಿಟ್ಟು, ಹಾಳೆಯ ಮೇಲೆ ಗೆರೆ ಎಳೆಯುತ್ತ ನನ್ನ ದುಡಿಮೆಯ ಕಾಲವೆಲ್ಲ ಕಳೆದಿದೆ. ಹಾಗಾಗಿ ಎಲ್ಲಿ ಹೋದರೂ ನನ್ನ ಕಣ್ಣು ವಿಗ್ರಹಕ್ಕಿಂತ ಮೊದಲು ಕಲ್ಲಿನ ಸಂದಿಗೆ ಹೋಗುತ್ತದೆ. ಸಿಂಗಪುರದಲ್ಲಿ ಕೆಲಸದಲ್ಲಿರುವ ತಂಗಿಯ ಮಗಳು, "ದೊಡ್ಡಮ್ಮ, ಅಂಕೋರ್‌ನಲ್ಲಿ ನೀವು ಸಂದಿ ನೋಡಲು ನಿಂತರೆ ಹಿಂದಿನವರು ತಳ್ಳುತ್ತಾರೆ, ಜನ ಇಲ್ಲದ ಕಡೆ ಕರೆದುಕೊಂಡು ಹೋಗುತ್ತೇನೆ" ಎಂದು ತಾನೇ ಹುಡುಕಿ ಈ ಊರನ್ನು ಗೊತ್ತುಮಾಡಿದಳು.

ಹೋಗುವ ದಾರಿ ಕಷ್ಟದ್ದಲ್ಲ. ಸಿಯೆಮ್ ರೀಪ್‌ನಿಂದ 6ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಸುಮಾರು 100 ಕಿಲೋಮೀಟರ್ ಸಾಗಿದರೆ ಸಿಸೋಫೋನ್ ಪಟ್ಟಣ. ಅಲ್ಲಿಂದ ಉತ್ತರಕ್ಕೆ ತಿರುಗಿ ಇನ್ನೂ 60 ಕಿಲೋಮೀಟರ್. ಒಂದು ಕಾಲದಲ್ಲಿ ಈ ಎರಡನೆಯ ತುಂಡು ಕೆಮ್ಮಣ್ಣಿನ ರಸ್ತೆಯಾಗಿತ್ತು, ಮಳೆಗಾಲದಲ್ಲಿ ವಾಹನ ಹೂತುಹೋಗುತ್ತಿತ್ತು. ಈಗ ಡಾಂಬರು ಬಿದ್ದಿದೆ. ಎರಡೂ ಬದಿ ಗದ್ದೆ, ಗದ್ದೆಯ ಬದುವಿನಲ್ಲಿ ತಾಳೆಮರ, ನಡುನಡುವೆ ಮರಗೆಣಸಿನ ಹೊಲ. ಸಿಯೆಮ್ ರೀಪ್‌ನಲ್ಲಿ ನಾವು ವಿಚಾರಿಸಿದ ಒಂದು ಪ್ರವಾಸ ಕಚೇರಿಯವನು ಮಾತ್ರ "ಅಲ್ಲಿ ಏನೂ ಇಲ್ಲ, ಕಲ್ಲಿನ ರಾಶಿ" ಎಂದು ನಮ್ಮನ್ನು ಬೇರೊಂದು ಕಡೆಗೆ ತಿರುಗಿಸಲು ಬಹಳ ಪ್ರಯತ್ನಪಟ್ಟ. ಅವನಿಗೆ ಅದರಲ್ಲಿ ಕಮಿಷನ್ ಇರಲಿಲ್ಲವೆಂದು ಕಾಣುತ್ತದೆ. ಯಾರಾದರೂ ನಿಮಗೂ ಹಾಗೆ ಹೇಳಿದರೆ ಕೇಳಬೇಡಿ. ಸಮಿತಿಗೇ ಇ-ಮೇಲ್ ಬರೆದರೆ ಅವರೇ ಸಿಸೋಫೋನ್‌ನಿಂದ ಕಾರು ಹೇಳಿಕೊಡುತ್ತಾರೆ.

ವಸತಿಯ ವಿಷಯ. ನಮಗೆ ಸಿಕ್ಕಿದ್ದು ಎತ್ತರದ ಕಂಬಗಳ ಮೇಲೆ ನಿಂತ ಮರದ ಮನೆ. ಮೇಲಿನ ಅಂತಸ್ತಿನಲ್ಲಿ ಮಲಗುವ ಜಾಗ, ಕೆಳಗಿನ ತೆರೆದ ನೆರಳಿನಲ್ಲಿ ಮನೆಯವರ ಹಗಲಿನ ಬಾಳೆಲ್ಲ. ಮಂಚ, ಸೊಳ್ಳೆ ಪರದೆ, ಫ್ಯಾನು. ಕಾಲಿಟ್ಟಲ್ಲಿ ಮುಖ ಕಾಣುವಷ್ಟು ಒರೆಸಿದ ಹಲಗೆಯ ನೆಲ. ಸ್ನಾನಕ್ಕೆ ಅಂಗಳದಾಚೆಯ ಕೋಣೆಯಲ್ಲಿ ತೊಟ್ಟಿ ನೀರು ಮತ್ತು ಚೆಂಬು, ಬಿಸಿನೀರು ಇಲ್ಲ. ಜನವರಿಯ ಬೆಳಗಿನಲ್ಲಿ ತಣ್ಣೀರು ಮೈಗೆ ಕಚ್ಚುತ್ತದೆ, ಮಧ್ಯಾಹ್ನದ ಹೊತ್ತಿಗೆ ಅದೇ ಹಿತ. ಮಂಡಿನೋವಿರುವವರು ಒಂದು ವಿಷಯ ಗಮನಿಸಬೇಕು. ಮನೆಯ ಏಣಿಮೆಟ್ಟಿಲು ಕಡಿದಾಗಿದೆ, ರಾತ್ರಿ ಎದ್ದು ಶೌಚಕ್ಕೆ ಹೋಗಬೇಕಾದರೆ ಅದನ್ನು ಇಳಿಯಲೇಬೇಕು. ಮೊದಲೇ ಹೇಳಿದರೆ ನೆಲಮಟ್ಟದಲ್ಲಿ ಕೋಣೆಯಿರುವ ಮನೆ ಕೊಡುತ್ತಾರೆ. ಮನೆಯೊಡತಿ ಎಪ್ಪತ್ತರ ಆಸುಪಾಸಿನ ಅಜ್ಜಿ. ಎಲ್ಲರೂ ಅವರನ್ನು ಯೇಯ್ ಎಂದು ಕರೆಯುತ್ತಿದ್ದರು, ನಾವೂ ಹಾಗೇ ಕರೆದೆವು. ಅವರಿಗೆ ಇಂಗ್ಲಿಷ್ ಬಾರದು, ನಮಗೆ ಅಲ್ಲಿನವರ ಖ್ಮೇರ್ ಭಾಷೆ ಬಾರದು. ಎಲೆಯಡಿಕೆ ಎರಡೂ ಕಡೆಯವರಿಗೆ ಗೊತ್ತಿತ್ತು. ಸಂಜೆ ಅವರು ತಟ್ಟೆ ಮುಂದಿಟ್ಟಾಗ ಮಾತಿನ ಕೊರತೆ ಅಷ್ಟಾಗಿ ತಿಳಿಯಲಿಲ್ಲ.

ಈಗ ಗುಡಿಗೆ ಬರುತ್ತೇನೆ. ಸುತ್ತಲೂ ಅರವತ್ತು ಮೀಟರಿಗೂ ಅಗಲವಾದ ಕಂದಕ, ಅದರಲ್ಲಿ ತಾವರೆ, ದಂಡೆಯಲ್ಲಿ ಬಟ್ಟೆ ಒಗೆಯುವ ಹೆಂಗಸರು, ಬಲೆ ಬೀಸುವ ಹುಡುಗರು. ಕಂದಕ ದಾಟುವ ಏರಿಗಳ ಎರಡೂ ಪಕ್ಕ ನಾಗನನ್ನು ಹಿಡಿದೆಳೆಯುವ ದೇವತೆಗಳೂ ಅಸುರರೂ ಸಾಲಾಗಿ ಕುಳಿತಿದ್ದರು. ಈಗ ಬಹಳಷ್ಟು ಮೂರ್ತಿಗಳಿಗೆ ತಲೆಯಿಲ್ಲ, ಹಲವಕ್ಕೆ ಮುಂಡವೂ ಇಲ್ಲ. ಒಳಗೆ ಹೋದರೆ ಎದುರಾಗುವುದು ನಿಜಕ್ಕೂ ಕಲ್ಲಿನ ರಾಶಿಯೇ. ಮಂಚದಷ್ಟು ದೊಡ್ಡ ಮರಳುಗಲ್ಲಿನ ತುಂಡುಗಳು ಒಂದರ ಮೇಲೊಂದು ಬಿದ್ದು, ನಡುವೆ ಮರ ಬೆಳೆದು, ಆ ಮರದ ಬೇರು ಇನ್ನಷ್ಟನ್ನು ಸರಿಸಿ, ಎಲ್ಲಿ ಅಂಗಳ ಎಲ್ಲಿ ಮಂಟಪ ಎಂಬುದೇ ಮೊದಲ ನೋಟಕ್ಕೆ ಗೊತ್ತಾಗುವುದಿಲ್ಲ. ಮಾರ್ಗದರ್ಶಿ ಇಲ್ಲದೆ ಹೋದವರು ಅರ್ಧ ಗಂಟೆ ಸುತ್ತಿ, ದೊಡ್ಡ ಮುಖಗಳನ್ನು ಕೆತ್ತಿದ ಮುಖಗೋಪುರದ ಚಿತ್ರ ತೆಗೆದುಕೊಂಡು ಹೊರಡುವುದನ್ನು ಕಣ್ಣಾರೆ ಕಂಡೆ.

ನಮಗೆ ಸಿಕ್ಕ ಮಾರ್ಗದರ್ಶಿ ಮೂವತ್ತರ ಹರೆಯದವನು, ಇದೇ ಹಳ್ಳಿಯವನು. ಹುಡುಗನಾಗಿದ್ದಾಗ ಈ ಗೋಡೆಗಳ ಮೇಲೆ ಎಮ್ಮೆ ಕಾಯುತ್ತ ಕುಳಿತವನು, ಆಮೇಲೆ ಇಲ್ಲಿನ ದುರಸ್ತಿ ಕೆಲಸದಲ್ಲಿ ಕಲ್ಲು ಹೊತ್ತವನು. 2008ರಿಂದ ಗ್ಲೋಬಲ್ ಹೆರಿಟೇಜ್ ಫಂಡ್ ಎಂಬ ಸಂಸ್ಥೆ ಕಾಂಬೋಡಿಯಾದ ಸಂಸ್ಕೃತಿ ಇಲಾಖೆಯ ಜೊತೆ ಸೇರಿ ಇಲ್ಲಿ ಗೋಡೆಗಳನ್ನು ಮರಳಿ ಎತ್ತುವ ಕೆಲಸಕ್ಕೆ ಕೈಹಾಕಿದಾಗ ಊರಿನ ಅನೇಕರು ಅದರಲ್ಲಿ ಪಳಗಿದರು. ಅದರ ಫಲ ಅವನ ಮಾತಿನಲ್ಲಿ ಕಾಣುತ್ತದೆ. ಇತಿಹಾಸದ ಪಾಠ ಒಪ್ಪಿಸುವ ಬದಲು ಅವನು ಒಂದು ಬಿದ್ದ ಕಲ್ಲಿನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತ. ಅದರ ಪಕ್ಕೆಯಲ್ಲಿದ್ದ ಬೆರಳು ಹೋಗುವಷ್ಟು ಗುಂಡಗಿನ ತೂತುಗಳನ್ನು ತೋರಿಸಿ, "ಇದು ಏಕೆ ಗೊತ್ತೇ?" ಎಂದು ಕೇಳಿದ. ಮರದ ಗೂಟ ಜಡಿದು, ಹಗ್ಗ ಕಟ್ಟಿ ಕಲ್ಲನ್ನು ಎತ್ತಲು ಮಾಡಿದ ತೂತುಗಳು ಅವು. ಹೀಗೆ ತೂಗಹಾಕಿದ ಕಲ್ಲನ್ನು ಕೆಳಗಿನ ಕಲ್ಲಿನ ಮೇಲೆ ಹಿಂದೆ ಮುಂದೆ ಉಜ್ಜಿ ಉಜ್ಜಿ, ಎರಡರ ಮೈಯೂ ಒಂದಕ್ಕೊಂದು ಕೂಡಿಕೊಳ್ಳುವಂತೆ ಮಾಡುತ್ತಿದ್ದರು. ಗಾರೆಯ ಮಾತೇ ಇಲ್ಲ. ಇನ್ನೂ ನಿಂತಿರುವ ಗೋಡೆಯಲ್ಲಿ ನನ್ನ ನೋಟ್‌ಪುಸ್ತಕದ ಹಾಳೆಯನ್ನು ಸಂದಿಯೊಳಗೆ ತೂರಿಸಲು ನೋಡಿದೆ, ಹೋಗಲಿಲ್ಲ.

ಇಷ್ಟು ಜಾಣತನದಿಂದ ಕೂಡಿಸಿದ ಕಲ್ಲು ಏಕೆ ಬಿತ್ತು? ಅದಕ್ಕೂ ಅವನ ಬಳಿ ಉತ್ತರವಿತ್ತು, ನಾನು ನಕ್ಷೆಗಾರಳೆಂದು ತಿಳಿದ ಮೇಲೆ ಇನ್ನೂ ಉತ್ಸಾಹದಿಂದ ತೋರಿಸಿದ. ಖ್ಮೇರ್ ಶಿಲ್ಪಿಗಳು ನಿಜವಾದ ಕಮಾನನ್ನು ಕಟ್ಟಲಿಲ್ಲ. ಎರಡೂ ಕಡೆಯಿಂದ ಕಲ್ಲುಗಳನ್ನು ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಚಾಚಿ ಮೇಲೆ ಸೇರಿಸುತ್ತಿದ್ದರು. ಒಂದು ಕಡೆಯ ಗೋಡೆ ಬೆರಳಷ್ಟು ವಾಲಿದರೂ ಇಡೀ ಚಾವಣಿ ಕೆಳಗೆ. ಜೊತೆಗೆ ಗೋಡೆಯಲ್ಲಿ ಮೇಲಿನ ವರಸೆಯ ಸಂದಿಯೂ ಕೆಳಗಿನ ವರಸೆಯ ಸಂದಿಯೂ ಎಷ್ಟೋ ಕಡೆ ನೆಟ್ಟಗೆ ಒಂದೇ ಗೆರೆಯಲ್ಲಿ ಬರುತ್ತವೆ. ನಮ್ಮ ಕಡೆ ಇಟ್ಟಿಗೆ ಕಟ್ಟುವ ಗಾರೆಯವನೂ ಸಂದಿಯ ಮೇಲೆ ಸಂದಿ ಬರಲು ಬಿಡುವುದಿಲ್ಲ, ಏಕೆಂದರೆ ಬಿರುಕು ಬಿಡುವುದೇ ಅಲ್ಲಿ. ಇಲ್ಲಿ ಒಂದು ಗೋಡೆ ತಲೆಯಿಂದ ಬುಡದವರೆಗೆ ಅದೇ ಗೆರೆಯಲ್ಲಿ ಸೀಳಿಕೊಂಡು ಎರಡು ಹೋಳಾಗಿ ನಿಂತಿತ್ತು. ಅದನ್ನು ನೋಡುತ್ತ ಎಷ್ಟು ಹೊತ್ತು ನಿಂತೆನೋ ತಿಳಿಯದು. ತಂಗಿಯ ಮಗಳು ನೆರಳು ಹುಡುಕಿಕೊಂಡು ಹೋದಳು, ಮಾರ್ಗದರ್ಶಿ ಪಕ್ಕದಲ್ಲೇ ನಿಂತಿದ್ದ. ಅವಸರಪಡಿಸದೆ ಇರುವುದು ಈ ಸೇವೆಯ ದೊಡ್ಡ ಗುಣ. ಗಂಟೆಯ ಲೆಕ್ಕವಿಲ್ಲ, ಮುಂದಿನ ಗಿರಾಕಿಯ ಚಿಂತೆಯಿಲ್ಲ.

ಹೊರ ಸುತ್ತಿನ ಗೋಡೆಯ ಉಬ್ಬುಶಿಲ್ಪಗಳೇ ಬಂತೆಯ್ ಛ್ಮಾರ್‌ನ ಹೆಸರನ್ನು ಎತ್ತಿ ಹಿಡಿದಿರುವುದು. ಪೂರ್ವದ ಗೋಡೆಗೆ ಬೆಳಿಗ್ಗೆಯೇ ಹೋಗಬೇಕು. ಓರೆ ಬಿಸಿಲು ಬಿದ್ದಾಗ ಮಾತ್ರ ತೆಳುವಾದ ಕೆತ್ತನೆ ಮೇಲೇಳುತ್ತದೆ, ಹತ್ತು ಗಂಟೆಯಾದರೆ ಎಲ್ಲವೂ ಮಂಕು. ಅಲ್ಲಿರುವುದು ಖ್ಮೇರರಿಗೂ ಚಂಪಾದವರಿಗೂ ನಡೆದ ನೌಕಾಯುದ್ಧ. ಚಂಪಾ ಎಂದರೆ ಇಂದಿನ ವಿಯೆಟ್ನಾಮಿನ ನಡುಭಾಗ ಮತ್ತು ದಕ್ಷಿಣದ ಕರಾವಳಿಯ ರಾಜ್ಯ. ಅವರ ಸೈನಿಕರ ತಲೆಯ ಮೇಲೆ ಬೋರಲು ಹಾಕಿದ ಹೂವಿನಂತಹ ಶಿರಸ್ತ್ರಾಣ, ಖ್ಮೇರರದು ಕತ್ತರಿಸಿದ ಗಿಡ್ಡ ಕೂದಲು, ಬರಿದಲೆ. ಇಷ್ಟು ತಿಳಿದರೆ ಸಾಕು, ಇಡೀ ಗೋಡೆಯನ್ನು ನಾವೇ ಓದಿಕೊಳ್ಳಬಹುದು. ಹುಟ್ಟು ಹಾಕುವವರು ಸಾಲಾಗಿ ಬಾಗಿದ್ದಾರೆ, ಎಲ್ಲರ ಬೆನ್ನೂ ಒಂದೇ ಕೋನದಲ್ಲಿ. ಅವರ ನೆತ್ತಿಯ ಮೇಲೆ ಭರ್ಜಿಗಳ ಕಾಡು. ದೋಣಿಯಿಂದ ಒಬ್ಬ ತಲೆಕೆಳಗಾಗಿ ಬೀಳುತ್ತಿದ್ದಾನೆ, ಕೆಳಗೆ ನೀರಿನಲ್ಲಿ ಮೀನುಗಳ ನಡುವೆ ಮೊಸಳೆ ಬಾಯಿ ತೆರೆದಿದೆ. ನೀರನ್ನು ಶಿಲ್ಪಿ ಕೆತ್ತಿಯೇ ಇಲ್ಲ. ಮೀನಿದ್ದರೆ ಅದು ನೀರು, ಅಷ್ಟೇ. ಹೊಯ್ಸಳ ಶಿಲ್ಪಿ ಒಂದಂಗುಲ ಖಾಲಿ ಬಿಡದೆ ಬಳಪದ ಕಲ್ಲನ್ನು ಕೊರೆಯುತ್ತಾನೆ, ಇವರು ಬಿಡುವುದನ್ನು ಬಲ್ಲವರು.

ಪಶ್ಚಿಮದ ಗೋಡೆಗೆ ಸಂಜೆ ಹೋಗಬೇಕು. ಅಲ್ಲಿ ಬಹುಭುಜಗಳ ಲೋಕೇಶ್ವರ, ಅಂದರೆ ಬೋಧಿಸತ್ವ ಅವಲೋಕಿತೇಶ್ವರ. ಒಂದಕ್ಕೆ 22 ತೋಳು, ಮತ್ತೊಂದಕ್ಕೆ 32. ನಾನು ಮೂವತ್ತೆರಡರದರ ಮುಂದೆ ಕುಳಿತು ಪೆನ್ಸಿಲ್ ತೆಗೆದೆ. ಗೋಡೆ ಕಟ್ಟಿದ ಮೇಲೆ ಕೆತ್ತಿದ ಶಿಲ್ಪ ಇದೆಂಬುದಕ್ಕೆ ಗುರುತು ಇಲ್ಲಿ ಸ್ಪಷ್ಟವಾಗಿದೆ. ಕಲ್ಲಿನ ಸಂದಿಗಳು ಎಲ್ಲಿ ಬಂದಿವೆಯೋ ಎಂಬ ಪರಿವೆಯೇ ಇಲ್ಲದೆ ತೋಳುಗಳು ಸಂದಿಗಳ ಮೇಲೆ ಹಾದುಹೋಗುತ್ತವೆ. ಒಂದು ಮುಂಗೈ ಒಂದು ಕಲ್ಲಿನಲ್ಲಿ, ಅದರ ಬೆರಳು ಪಕ್ಕದ ಕಲ್ಲಿನಲ್ಲಿ. ತೋಳುಗಳೆಲ್ಲ ಒಂದೇ ಭುಜದಿಂದ ಬೀಸಣಿಗೆಯಾಗಿ ಬಿಚ್ಚಿಕೊಂಡರೂ ಯಾವುದೂ ಇನ್ನೊಂದಕ್ಕೆ ತೊಡರುವುದಿಲ್ಲ. ಬಿಡಿಸಲು ಕುಳಿತಾಗಲೇ ಇದರ ಕಷ್ಟ ಗೊತ್ತಾಗುವುದು. ನಾಲ್ಕು ತೋಳಿನ ಕೇಶವನನ್ನು ಲೆಕ್ಕವಿಲ್ಲದಷ್ಟು ಸಲ ಬರೆದ ಕೈ ನನ್ನದು. ಇಲ್ಲಿ ಒಂದು ಪಕ್ಕದ ತೋಳುಗಳನ್ನು ಹಾಳೆಯ ಮೇಲೆ ಕೂರಿಸುವಷ್ಟರಲ್ಲಿ ಬೆಳಕು ಇಳಿದಿತ್ತು.

ಇಂತಹ ಲೋಕೇಶ್ವರರು ಈ ಗೋಡೆಯಲ್ಲಿ ಮೂಲತಃ ಎಂಟು. ಈಗ ಜಾಗದಲ್ಲಿರುವುದು ಎರಡೇ. 1998ರ ಕೊನೆಗೆ, ಅಂತರ್ಯುದ್ಧದ ಬಿಸಿ ಇನ್ನೂ ಆರಿರದ ದಿನಗಳಲ್ಲಿ, ಬಂದೂಕು ಹಿಡಿದವರು ಯಂತ್ರಗಳನ್ನು ತಂದು ಗೋಡೆಯನ್ನು ಕಲ್ಲು ಕಲ್ಲಾಗಿ ಬಿಚ್ಚಿ ಲಾರಿಗೆ ತುಂಬಿ ಗಡಿ ದಾಟಿಸಿದರು. 1999ರ ಜನವರಿಯಲ್ಲಿ ಥಾಯ್ ಪೊಲೀಸರು ಒಂದು ಲಾರಿಯನ್ನು ಹಿಡಿದಾಗ ಅದರಲ್ಲಿ 117 ಕಲ್ಲುಗಳಿದ್ದವು. ಮರುವರ್ಷ ಅವು ಕಾಂಬೋಡಿಯಾಕ್ಕೆ ಮರಳಿ, ರಾಜಧಾನಿ ನಾಮ್ ಪೆನ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯ ಸೇರಿದವು. ಆ ಜಾಗದಲ್ಲಿ ಈಗ ಗೋಡೆ ತಟ್ಟನೆ ನಿಂತುಹೋಗುತ್ತದೆ, ಮುಂದೆ ಹುಲ್ಲು. ಮಾರ್ಗದರ್ಶಿ ಆಗ ಚಿಕ್ಕ ಹುಡುಗ. "ರಾತ್ರಿಯೆಲ್ಲ ಯಂತ್ರದ ಸದ್ದು ಕೇಳುತ್ತಿತ್ತು, ಬೊಂಗ್. ಅಪ್ಪ ಹೊರಗೆ ಹೋಗಬೇಡಿ ಎಂದು ಬಾಗಿಲು ಹಾಕಿದರು" ಎಂದ. ಬೊಂಗ್ ಎಂದರೆ ಅವರ ಮಾತಿನಲ್ಲಿ ಅಕ್ಕ. ಬೇರೇನೂ ಸೇರಿಸಲಿಲ್ಲ. ನನಗೆ ಬಂದ ಸಿಟ್ಟನ್ನು ಇಲ್ಲಿ ಬರೆದು ತೋರಿಸಲಾರೆ. ಶಿಲ್ಪ ಕಳವಾದ ಗುಡಿಗಳನ್ನು ನಮ್ಮಲ್ಲೂ ಕಂಡಿದ್ದೇನೆ, ಖಾಲಿ ಪೀಠಗಳ ನಕ್ಷೆಯನ್ನೂ ಬರೆದಿದ್ದೇನೆ. ಆದರೆ ಒಂದು ಗೋಡೆಯನ್ನೇ ಹೊತ್ತುಕೊಂಡು ಹೋದದ್ದನ್ನು ಕಂಡದ್ದು ಇಲ್ಲಿಯೇ.

ಇನ್ನೊಂದು ಸಂಗತಿಯನ್ನು ಕನ್ನಡ ಓದುಗರಿಗೆ ಹೇಳಲೇಬೇಕು, ಏಕೆಂದರೆ ನಮಗೆ ಅದು ಬೇಗ ಅರ್ಥವಾಗುತ್ತದೆ. ಇಲ್ಲಿ ಸಿಕ್ಕ ಶಾಸನವೊಂದು ಶ್ರೀಂದ್ರಕುಮಾರನೆಂಬ ರಾಜಕುಮಾರನ ಕಥೆ ಹೇಳುತ್ತದೆ. ಭರತರಾಹು ಎಂಬವನು ದೊರೆಯ ವಿರುದ್ಧ ದಂಗೆಯೆದ್ದು ಅರಮನೆಗೆ ಮುತ್ತಿಗೆ ಹಾಕಿದಾಗ ಕುಮಾರ ಅವನೊಡನೆ ಹೋರಾಡಿದ. ಅವನನ್ನು ಕಾಯಲು ಹೋಗಿ ಇಬ್ಬರು ಅಂಗರಕ್ಷಕ ವೀರರು ಮಡಿದರು. ಅವರನ್ನು ಶಾಸನ ಸಂಜಕರು ಎನ್ನುತ್ತದೆ. ಒಬ್ಬನ ಹೆಸರು ಅರ್ಜುನ, ಮತ್ತೊಬ್ಬ ಶ್ರೀಧರದೇವಪುರ. ಮುಂದೆ ಚಂಪಾದ ದಂಡಯಾತ್ರೆಯಲ್ಲಿ ಶ್ರೀದೇವ, ಶ್ರೀವರ್ಧನ ಎಂಬ ಇನ್ನಿಬ್ಬರು ಸಂಜಕರು ಅವನಿಗಾಗಿ ಪ್ರಾಣ ಕೊಟ್ಟರು. ಗುಡಿಯ ನಡುವೆ ಕುಮಾರನ ಮೂರ್ತಿಯನ್ನೂ ನಾಲ್ಕು ಮೂಲೆಗಳಲ್ಲಿ ಈ ನಾಲ್ವರ ಮೂರ್ತಿಗಳನ್ನೂ ಸ್ಥಾಪಿಸಿದರು. ಗೋಡೆಯ ಒಂದೆಡೆ ರಾಹುವಿನೊಡನೆ ಸೆಣಸುವ ವೀರನ ಶಿಲ್ಪವೂ ಇದೆ.

ಒಡೆಯನಿಗಾಗಿ ಸಾಯುವ ಭಾಷೆ ಕೊಟ್ಟ ಲೆಂಕರು, ಗರುಡರು ನಮಗೆ ಹೊಸಬರೇ? ಹಳೇಬೀಡಿನ ಹೊಯ್ಸಳೇಶ್ವರದ ಆವರಣದಲ್ಲಿ ಗರುಡಗಂಬವಿದೆ. ಎರಡನೆಯ ವೀರಬಲ್ಲಾಳ ತೀರಿಕೊಂಡಾಗ ಹೆಂಡತಿಯೊಡನೆ, ತನ್ನ ಪಡೆಯೊಡನೆ ಪ್ರಾಣ ಒಪ್ಪಿಸಿದ ಕುವರ ಲಕ್ಷ್ಮನ ಕಂಬ ಅದು. ಕತ್ತಿಯಿಂದ ತಮ್ಮ ತಲೆಯನ್ನೇ ಕತ್ತರಿಸಿಕೊಳ್ಳುವ ವೀರರು ಅದರ ಮೇಲಿದ್ದಾರೆ. ಆ ಕಂಬದ ಅಳತೆ ನಾನೇ ತೆಗೆದದ್ದು. ಬಲ್ಲಾಳ ಆಳಿದ್ದು 1173ರಿಂದ 1220ರವರೆಗೆ, ಜಯವರ್ಮ ಪಟ್ಟಕ್ಕೆ ಬಂದದ್ದು 1181ರಲ್ಲಿ. ಎರಡು ದೇಶಗಳಲ್ಲಿ, ಒಬ್ಬರ ಸುದ್ದಿ ಇನ್ನೊಬ್ಬರಿಗೆ ತಿಳಿಯದೆ, ಒಂದೇ ತಲೆಮಾರಿನ ಜನ ಇಂತಹ ಸಾವಿಗೆ ಕಲ್ಲು ನಿಲ್ಲಿಸಿದರು. ನಾನು ಇದನ್ನು ಮಾರ್ಗದರ್ಶಿಗೆ ಹೇಳಿ ಮೊಬೈಲಿನಲ್ಲಿದ್ದ ಗರುಡಗಂಬದ ಚಿತ್ರ ತೋರಿಸಿದೆ. ಅವನು ಚಿತ್ರವನ್ನು ಹಿಗ್ಗಿಸಿ, ಆ ಕತ್ತಿ ಹಿಡಿದ ಕೈಗಳನ್ನು ಒಂದೊಂದಾಗಿ ನೋಡಿ, ತನಗೂ ಕಳುಹಿಸಿ ಎಂದು ಕೇಳಿದ. ಮುಂದಿನ ಭಾರತೀಯ ಅತಿಥಿಗಳಿಗೆ ಅವನು ಅದನ್ನು ಖಂಡಿತ ತೋರಿಸುತ್ತಾನೆ.

ಸುತ್ತಮುತ್ತಲ ಉಪಗುಡಿಗಳಿಗೂ ಸಮಿತಿಯವರೇ ಕರೆದೊಯ್ಯುತ್ತಾರೆ. ಕಂದಕದ ದಕ್ಷಿಣಕ್ಕಿರುವ ತಾ ಪ್ರೋಮ್‌ನ ಮುಖಗೋಪುರ ಮರಗಳ ನಡುವೆ ಒಂಟಿಯಾಗಿ ನಿಂತಿದೆ. ಸಿಯೆಮ್ ರೀಪ್‌ನ ತಾ ಪ್ರೋಮ್ ಬೇರೆ, ಇದು ಬೇರೆ. ಅಲ್ಲಿಗೆ ನಡೆದೇ ಹೋಗಬಹುದು. ದಕ್ಷಿಣಕ್ಕೆ ಹತ್ತು ಹನ್ನೆರಡು ಕಿಲೋಮೀಟರ್ ದೂರದ ಬಂತೆಯ್ ತೋಪ್‌ಗೆ ಕೈ ಟ್ರ್ಯಾಕ್ಟರಿಗೆ ಹೂಡಿದ ಗಾಡಿಯಲ್ಲಿ ಹೋದೆವು. ಗದ್ದೆ ನಡುವೆ ಎತ್ತರದ, ಎಲ್ಲಿ ಬೀಳುವುದೋ ಎಂಬಂತೆ ವಾಲಿದ ಗೋಪುರಗಳು. ಧೂಳು ವಿಪರೀತ, ಬೆನ್ನು ನೋಯುತ್ತದೆ, ಸೊಂಟದ ತೊಂದರೆಯಿದ್ದವರು ಕಾರು ಕೇಳಿ. ಎಲ್ಲಿಯೇ ಆದರೂ ಕಾಲುದಾರಿ ಬಿಟ್ಟು ಪೊದೆಯೊಳಗೆ ಹೋಗಬೇಡಿ. ಥಾಯ್ ಗಡಿಯುದ್ದಕ್ಕೂ 1980ರ ದಶಕದಲ್ಲಿ ಹೂತ ನೆಲಬಾಂಬುಗಳ ಪಟ್ಟಿಯಿದೆ. ಮಾರ್ಗದರ್ಶಿ ನಡೆದ ಕಡೆಯೇ ನಡೆಯಿರಿ, ಅವನು ಬೇಡವೆಂದರೆ ಬೇಡ. ರೇಷ್ಮೆ ನೇಯುವ ಕೇಂದ್ರವೂ ಊರಿನಲ್ಲಿದೆ, ಶಾಲುಗಳು ಚೆನ್ನಾಗಿವೆ, ಬೆಲೆ ಹೆಚ್ಚು.

ಊಟದ ಬಗ್ಗೆ ನಮ್ಮವರು ಮೊದಲು ಕೇಳುವ ಪ್ರಶ್ನೆ ಗೊತ್ತಿದೆ. ಸಸ್ಯಾಹಾರ ಸಿಗುತ್ತದೆ, ಆದರೆ ಹೇಳುವ ರೀತಿಯಲ್ಲಿ ಹೇಳಬೇಕು. ಮಾಂಸ ಬೇಡ ಎಂದರೆ ಸಾಲದು. ಪ್ರಹೋಕ್ ಎಂಬ ಹುಳಿಸಿದ ಮೀನಿನ ಗೊಜ್ಜು ಮತ್ತು ಮೀನಿನ ಸಾರ ಇಲ್ಲಿ ಪಲ್ಯಕ್ಕೂ ಬೀಳುತ್ತದೆ, ನಮ್ಮಲ್ಲಿ ಉಪ್ಪು ಬಿದ್ದಷ್ಟೇ ಸಹಜವಾಗಿ. ಇವೆರಡೂ ಬೇಡವೆಂದು ಹೆಸರು ಹಿಡಿದು, ಮೊದಲೇ ಬರೆದು ತಿಳಿಸಿ. ನಾವು ಹಾಗೆ ತಿಳಿಸಿದ್ದರಿಂದ ಬಾಳೆ ಹೂವಿನ ಕೋಸಂಬರಿ, ತೆಂಗಿನ ಹಾಲಿನಲ್ಲಿ ಬೇಯಿಸಿದ ಕುಂಬಳಕಾಯಿ, ಬೆಳ್ಳುಳ್ಳಿ ಹಾಕಿ ಹುರಿದ ನೀರುಸೊಪ್ಪು, ಬಿಸಿ ಅನ್ನ, ತಾಳೆಬೆಲ್ಲ ಬಂದವು. ಕುಂಬಳಕಾಯಿ ಅಷ್ಟು ರುಚಿಯಾಗಿತ್ತು ಎಂದರೆ ಮಾರನೆಯ ದಿನವೂ ಅದನ್ನೇ ಕೇಳಿದೆವು. ಆದರೆ ಒಂದು ಮಧ್ಯಾಹ್ನ ಬೇರೊಬ್ಬ ಅಡುಗೆಯವರ ಸರದಿಯಿತ್ತು. ಮಾತು ಅವರಿಗೆ ಮುಟ್ಟಿರಲಿಲ್ಲ, ಸೊಪ್ಪಿನ ಸಾರಿನಲ್ಲಿ ಪ್ರಹೋಕ್ ಇತ್ತು. ಕೇಳಿದ ಕೂಡಲೇ ಬದಲಿ ಅಡುಗೆ ಮಾಡಿಕೊಟ್ಟರು, ನೊಂದುಕೊಂಡರು ಕೂಡ. ಅಡುಗೆಮನೆಯಲ್ಲೊಂದು ಹಲಗೆಯ ಮೇಲೆ ಅತಿಥಿಗಳ ಪಥ್ಯವನ್ನು ಬರೆದಿಟ್ಟರೆ ಇದು ತಪ್ಪುತ್ತದೆ ಎಂದು ಸಮಿತಿಯವರಿಗೆ ತಿಳಿಸಿ ಬಂದಿದ್ದೇನೆ.

ಇನ್ನೂ ಒಂದು ಕೊರತೆ ನನಗೆ ಊಟಕ್ಕಿಂತ ದೊಡ್ಡದೆನಿಸಿತು. ಗುಡಿಯ ಬಳಿ ಗೋಡೆಗಳ ನಕ್ಷೆಯಿಲ್ಲ. ಯಾವ ಉಬ್ಬುಶಿಲ್ಪ ಎಲ್ಲಿದೆ, ಕಳವಾದ ಭಾಗ ಯಾವುದು, ಮರಳಿ ಎತ್ತಿದ್ದು ಎಷ್ಟು ಎಂದು ಒಂದೇ ಹಾಳೆಯಲ್ಲಿ ಗೆರೆ ಎಳೆದು ಕೊಟ್ಟರೆ, ಮಾರ್ಗದರ್ಶಿ ಹೇಳಿದ್ದು ಮನೆಗೆ ಬಂದ ಮೇಲೂ ನಿಲ್ಲುತ್ತದೆ. ಜರ್ಮನಿಯ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದವರು ಬಿದ್ದ ಕಲ್ಲುಗಳನ್ನು ಕಂಪ್ಯೂಟರಿನಲ್ಲಿ ಅಳೆದು ಕೂಡಿಸಿ ನೋಡುವ ಕೆಲಸವನ್ನೂ ಇಲ್ಲಿ ಮಾಡಿದ್ದಾರೆ. ಅಷ್ಟು ನಡೆದಿರುವಾಗ ಪ್ರವಾಸಿಗೆ ಒಂದು ಹಾಳೆ ದೊಡ್ಡದಲ್ಲ. ನಾನು ಅಳತೆಯಿಲ್ಲದೆ, ಕಣ್ಣಂದಾಜಿನಲ್ಲಿ ಬರೆದ ಪಶ್ಚಿಮ ಗೋಡೆಯ ಒಂದು ನಕ್ಷೆಯನ್ನು ಸಮಿತಿಯ ಕಚೇರಿಗೆ ಕೊಟ್ಟೆ. ಅವರು ಅದನ್ನು ಗೋಡೆಗೆ ಅಂಟಿಸಿದರು.

ಹಣದ ಮಾತು. ನಾವು ಹೋದಾಗ ಗುಡಿಯ ಟಿಕೆಟ್ ಐದು ಡಾಲರ್. ಅಂಕೋರ್‌ನ ಒಂದು ದಿನದ ಟಿಕೆಟಿಗೆ 37 ಡಾಲರ್ ತೆರಬೇಕು. ವಸತಿ, ಊಟ, ಮಾರ್ಗದರ್ಶನ ಮೂರೂ ಸೇರಿ ಸಿಯೆಮ್ ರೀಪ್‌ನ ಮಧ್ಯಮ ಹೋಟೆಲಿನ ಕೋಣೆಗಿಂತ ಕಡಿಮೆಯಾಯಿತು. ಹಣದಲ್ಲಿ ಒಂದು ಪಾಲು ಮನೆಯವರಿಗೆ, ಒಂದು ಪಾಲು ಊರಿನ ನಿಧಿಗೆ. ಡಾಲರ್ ಮತ್ತು ಕಾಂಬೋಡಿಯಾದ ನಾಣ್ಯ ರಿಯೆಲ್ ಎರಡೂ ನಡೆಯುತ್ತವೆ. ಹರಿದ, ಮಡಿಸಿ ಸವೆದ ಡಾಲರ್ ನೋಟನ್ನು ಯಾರೂ ಮುಟ್ಟುವುದಿಲ್ಲ, ಬೆಂಗಳೂರಿನಲ್ಲೇ ಹೊಸ ನೋಟು ಕೇಳಿ ಪಡೆಯಿರಿ. ಭಾರತೀಯರಿಗೆ ಇ-ವೀಸಾ ಸಿಗುತ್ತದೆ. ನವೆಂಬರಿನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಏಪ್ರಿಲ್‌ನ ಬಿಸಿಲಿನಲ್ಲಿ ಈ ಕಲ್ಲುಗಳ ಮೇಲೆ ಹತ್ತಿಳಿಯಲು ಹೋಗಬೇಡಿ. ಮಳೆಗಾಲದಲ್ಲಿ ಪಾಚಿ ಹಸಿರು ಕಣ್ಣಿಗೆ ಹಬ್ಬ, ಕಾಲಿಗೆ ಅಪಾಯ.

ಕೊನೆಗೆ ಬಹಳ ಮುಖ್ಯವಾದ ಎಚ್ಚರಿಕೆ. ನಾವು ಹೋದದ್ದು ಗಡಿ ಶಾಂತವಾಗಿದ್ದಾಗ. 2025ರ ಜುಲೈನಲ್ಲಿ ಥಾಯ್ಲೆಂಡ್ ಮತ್ತು ಕಾಂಬೋಡಿಯಾ ಸೇನೆಗಳ ನಡುವೆ ಗಡಿಯಲ್ಲಿ ಕಾಳಗ ನಡೆಯಿತು, ಡಿಸೆಂಬರ್‌ನಲ್ಲಿ ಮತ್ತೆ ಹೊತ್ತಿಕೊಂಡಿತು. ಭೂಗಡಿಯ ದ್ವಾರಗಳು ಮುಚ್ಚಿದವು, ಗಡಿ ಜಿಲ್ಲೆಗಳ ಜನ ಮನೆ ಬಿಟ್ಟು ಓಡಬೇಕಾಯಿತು. ಬಂತೆಯ್ ಛ್ಮಾರ್ ಆ ಗಡಿಗೆ ತೀರ ದೂರದಲ್ಲಿಲ್ಲ. ಟಿಕೆಟ್ ಮಾಡಿಸುವ ಮೊದಲು ಭಾರತೀಯ ರಾಯಭಾರ ಕಚೇರಿಯ ಸೂಚನೆ ನೋಡಿ, ಸಮಿತಿಗೆ ಬರೆದು ಊರಿನ ಸ್ಥಿತಿ ಕೇಳಿ, ಅವರು ಈಗ ಬೇಡ ಎಂದರೆ ವಾದಿಸಬೇಡಿ. ಹಾಗಾದಾಗ ನಾಮ್ ಪೆನ್‌ಗೆ ಹೋಗಿ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಆ 117 ಕಲ್ಲುಗಳನ್ನು ಕೂಡಿಸಿ ನಿಲ್ಲಿಸಿರುವ ಗೋಡೆಯನ್ನಾದರೂ ನೋಡಿ. ಮೊದಲು ದೂರದಿಂದ ಲೋಕೇಶ್ವರನನ್ನು ನೋಡಿ, ಆಮೇಲೆ ಪಕ್ಕಕ್ಕೆ ಬಂದು ಓರೆಯಾಗಿ ನಿಂತು ಸಂದಿಗಳನ್ನು ನೋಡಿ. ಉಜ್ಜಿ ಕೂಡಿಸಿದ ಹಳೆಯ ಸಂದಿ ಯಾವುದು, ಕಿತ್ತು ತಂದು ಮತ್ತೆ ಕೂಡಿಸಿದ ಹೊಸ ಸಂದಿ ಯಾವುದು ಎಂದು ಹುಡುಕಿ. ಊರಿನ ದಾರಿ ತೆರೆದ ಮೇಲೆ ಉಳಿದರ್ಧ ಗೋಡೆಗೆ ಹೋಗಿ, ಹೋಗುವ ಒಂದು ವಾರ ಮೊದಲೇ ಸಮಿತಿಗೆ ಬರೆಯಿರಿ, ಪ್ರಹೋಕ್ ಬೇಡವೆಂದು ಅದೇ ಪತ್ರದಲ್ಲಿ ಸೇರಿಸಿ.